ಚಹಾ ಬಣ್ಣದ ಬ್ರೇಕ್ ಆಯಿಲ್

ಜೂನ್ ತಿಂಗಳಲ್ಲಿ ಕರೆಂಟು ಹೋದ ಸಂಜೆ ಮಂಗಳೂರಿನ ಕಾವೂರಿನ ನಮ್ಮ ಮನೆಯಲ್ಲಿ ಎಲ್ಲರೂ ಸೇರುವುದು ಬಚ್ಚಲೊಲೆಯ ಹತ್ತಿರ. ಹಂಡೆಯ ಅಡಿಗೆ ತೆಂಗಿನ ಸಿಪ್ಪೆ, ಒಣಗಿದ ಮಡಲು. ಕೆಂಡದಲ್ಲಿ ಹಲಸಿನ ಬೀಜ. ಅಕ್ಕನ ಮಗಳು ಊರಿಗೆ ಬಂದಿದ್ದರೆ ತನ್ನ ಇಬ್ಬರು ಮಕ್ಕಳನ್ನು ಮುಂದೆ ಕೂರಿಸಿಕೊಂಡು, "ಮಾವ, ಇವರಿಗೆ ಆ ಘಟ್ಟದ ಕಥೆ ಹೇಳಿ" ಅನ್ನುತ್ತಾಳೆ. ಆ ದಿನ ಗಾಡಿಯಲ್ಲಿ ಅವಳೂ ಇದ್ದಳು. ಆರು ವರ್ಷದವಳು, ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ನಿದ್ದೆ ಹೋಗಿದ್ದಳು. ಹಾಗಾಗಿ ಅವಳಿಗೆ ಗೊತ್ತಿರುವುದು ನಾನು ಹೇಳಿದ್ದು ಮಾತ್ರ. ಈ ಸಲ ಬರೆದೇ ಇಡುತ್ತೇನೆ.

ಗಾಡಿ ಅಪ್ಪನದ್ದು. 1984ರ ಪ್ರೀಮಿಯರ್ ಪದ್ಮಿನಿ. ಆರ್‌ಸಿ ಪುಸ್ತಕದಲ್ಲಿ ಪದ್ಮಿನಿ, ಊರವರ ಬಾಯಲ್ಲಿ ಫಿಯೆಟ್. ಇಟಲಿಯ ಫಿಯೆಟ್ 1100ನ್ನು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪೆನಿ ತಯಾರಿಸುತ್ತಿತ್ತು. ಅದಕ್ಕೆ ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. 1089 ಸಿ.ಸಿ. ಎಂಜಿನ್, ಸ್ಟಿಯರಿಂಗಿನ ಪಕ್ಕದಲ್ಲೇ ಗೇರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಹಣ ಕಟ್ಟಿ ವರ್ಷಗಟ್ಟಲೆ ಕಾದು ತಂದ ಗಾಡಿ. ಅಪ್ಪ ಅದಕ್ಕೆ ಒಂದು ಸ್ಟಿಕರ್ ಅಂಟಿಸಲಿಕ್ಕೂ ಬಿಡುತ್ತಿರಲಿಲ್ಲ.

1998ರ ಅಕ್ಟೋಬರ್. ದಸರಾ ರಜೆ. ಮೂಡಿಗೆರೆಯ ಕಡೆಯ ನೆಂಟರ ಮನೆಯಲ್ಲಿ ಮದುವೆ ಮುಗಿಸಿ ಮಂಗಳೂರಿಗೆ ವಾಪಸು ಹೊರಟಿದ್ದೆವು. ಸ್ಟಿಯರಿಂಗಿನಲ್ಲಿ ನಾನು, ಪಕ್ಕದಲ್ಲಿ ಅಪ್ಪ, ಹಿಂದೆ ಅಮ್ಮ, ಅಕ್ಕ, ಭಾವ, ಮಗು. ಡಿಕ್ಕಿಯಲ್ಲಿ ಮದುವೆಮನೆಯವರು ಕೊಟ್ಟ ಕಾಫಿಬೀಜದ ಚೀಲ, ಎರಡು ಬಾಳೆಗೊನೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಘಟ್ಟದ ಅಣ್ಣಪ್ಪ ಸ್ವಾಮಿಗೆ ಕೈಮುಗಿದು ಇಳಿಯತೊಡಗಿದೆವು. ಚಾರ್ಮಾಡಿ ಘಾಟಿಯಲ್ಲಿ ಒಂದರ ಹಿಂದೊಂದು ಹೇರ್‌ಪಿನ್ ತಿರುವುಗಳು. ಮಂಜು ತೆಳ್ಳಗೆ ಇತ್ತು. ನಮ್ಮ ಮುಂದೆ ಮರದ ದಿಮ್ಮಿ ಹೇರಿದ ಒಂದು ಲಾರಿ.

ತಪ್ಪು ನನ್ನದೇ. ಮೂರನೇ ಗೇರಿನಲ್ಲಿ ಇಳಿಸುತ್ತಿದ್ದೆ. ಲಾರಿ ನಿಧಾನವಾದಾಗಲೆಲ್ಲ ಬ್ರೇಕು, ಅದು ಸ್ವಲ್ಪ ಮುಂದೆ ಹೋದರೆ ಬಿಡುವುದು, ಮತ್ತೆ ಬ್ರೇಕು. "ಸೆಕೆಂಡಿಗೆ ಹಾಕು ಮಗಾ" ಎಂದು ಅಪ್ಪ ಎರಡು ಸಲ ಹೇಳಿದ್ದರು. ಎಂಜಿನ್ ಕೂಗುತ್ತದೆ, ಮಗುವಿಗೆ ಎಚ್ಚರವಾಗುತ್ತದೆ ಎಂದು ನಾನು ಹಾಕಲಿಲ್ಲ. ಸುಟ್ಟ ವಾಸನೆ ಬಂದಾಗ ಲಾರಿಯದ್ದು ಅಂದುಕೊಂಡೆ.

ಕೆಳಗಿನ ತಿರುವುಗಳಲ್ಲಿ ಒಂದಕ್ಕೆ ಬರುವಾಗ ಪೆಡಲ್ ಒತ್ತಿದೆ. ಕಾಲು ನೇರ ನೆಲಕ್ಕೆ ಹೋಯಿತು. ಪೆಡಲಿನ ಕೆಳಗೆ ಏನೂ ಇಲ್ಲ, ಹತ್ತಿಯ ದಿಂಬಿಗೆ ಕಾಲಿಟ್ಟ ಹಾಗೆ. ಎರಡು ಸಲ, ಮೂರು ಸಲ ಪಂಪು ಹೊಡೆದೆ. ಇಲ್ಲ. "ಬ್ರೇಕಿಲ್ಲ ಅಪ್ಪ" ಅಂದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. ಅಪ್ಪ ಒಂದು ಮಾತೂ ಆಡದೆ ಹ್ಯಾಂಡ್ ಬ್ರೇಕಿಗೆ ಕೈಹಾಕಿದರು. ಹಿಂದಿನ ಡ್ರಮ್ಮುಗಳೂ ಕಾದಿದ್ದವು, ಅದು ಅರ್ಧಂಬರ್ಧ ಹಿಡಿಯಿತು. ನಾನು ಗೇರನ್ನು ಎರಡಕ್ಕೆ ತಳ್ಳಿದೆ, ಗೇರ್‌ಬಾಕ್ಸ್ ಕಿರುಚಿತು. ಬಲಗಡೆ ಕಮರಿ, ಎಡಗಡೆ ಗುಡ್ಡ, ಗುಡ್ಡದ ಬುಡದಲ್ಲಿ ಮಳೆನೀರಿನ ಚರಂಡಿ. ಎಡಚಕ್ರಗಳನ್ನು ಚರಂಡಿಗೆ ಇಳಿಸಿಬಿಟ್ಟೆ. ಬಾಗಿಲು ಗುಡ್ಡದ ಮಣ್ಣನ್ನು ಉಜ್ಜುತ್ತಾ ಹೋಯಿತು. ಗಾಡಿ ನಿಂತಾಗ ಅಮ್ಮನ ಬಾಯಲ್ಲಿ ದೇವರ ಹೆಸರು, ಮಗುವಿಗೆ ಇನ್ನೂ ನಿದ್ದೆ.

ಅರ್ಧ ಗಂಟೆ ಕಲ್ಲಿನ ಮೇಲೆ ಕೂತೆವು. ಚಕ್ರಗಳ ಮೇಲೆ ಮಂಜಿನ ಹನಿ ಬಿದ್ದರೆ ಚುಯ್ ಅನ್ನುತ್ತಿತ್ತು. ಭಾವ ಸುಮ್ಮನೆ ಒಳಗೆ ಹೋಗಿ ಪೆಡಲ್ ಒತ್ತಿ ನೋಡಿದರು. "ಇಲ್ಲಿ ಬನ್ನಿ, ಬ್ರೇಕು ಉಂಟಲ್ಲ" ಅಂದರು. ನಿಜವಾಗಿಯೂ ಇತ್ತು! ಮೊದಲಿನ ಹಾಗೆಯೇ ಗಟ್ಟಿ ಪೆಡಲ್. ಬ್ರೇಕು ಹೋದದ್ದಕ್ಕಿಂತ ಅದು ತಾನಾಗಿ ವಾಪಸು ಬಂದದ್ದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಒಂದನೇ ಗೇರಿನಲ್ಲಿ ಉಜಿರೆಯವರೆಗೆ ಬಂದೆವು.

ಮರುದಿನ ಗಾಡಿಯನ್ನು ಒಂದು ಗ್ಯಾರೇಜಿಗೆ ಕೊಂಡುಹೋದೆ. ಪೈಪು ಒಡೆದಿಲ್ಲ, ಎಲ್ಲೂ ಸೋರಿಕೆ ಇಲ್ಲ, ಲೈನರ್ ಇನ್ನೂ ಇದೆ. "ಗಾಡಿಗೆ ಎಂತ ಸಹ ಆಗಲಿಲ್ಲ ಮಾಷ್ಟ್ರೆ, ನಿಮಗೆ ಹೆದರಿಕೆ ಆದದ್ದು" ಎಂದು ಕಳಿಸಿದರು. ಎರಡನೆಯ ಗ್ಯಾರೇಜಿನಲ್ಲೂ ಅದೇ ಮಾತು. ಮೂರನೆಯವರು ಬಿಜೈ ಕಡೆಯ ಒಬ್ಬ ಮೇಸ್ತ್ರಿ. ಹಂಚಿನ ಮಾಡಿನ ಸಣ್ಣ ಶೆಡ್ಡು, ಎರಡೇ ಗಾಡಿ ನಿಲ್ಲುವ ಜಾಗ. ಅವರು ಕೆಲಸ ಕಲಿತದ್ದು ಸಿ.ಪಿ.ಸಿ. ಬಸ್ಸುಗಳ ವರ್ಕ್‌ಶಾಪಿನಲ್ಲಿ; 1914ರಲ್ಲಿ ಮಂಗಳೂರಲ್ಲಿ ಶುರುವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಎಂಬ ಆ ಕಂಪೆನಿಯ ಹೆಸರನ್ನು ಅವರು ಪೂರ್ತಿಯಾಗಿಯೇ ಹೇಳುತ್ತಿದ್ದರು. ಅವರು ಚಕ್ರ ಬಿಚ್ಚಲಿಲ್ಲ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರು. ಒಂದು ಚಮಚದಷ್ಟನ್ನು ಗಾಜಿನ ಬಾಟಲಿಗೆ ಹಾಕಿ ಬೆಳಕಿಗೆ ಹಿಡಿದರು.

"ಇದು ಎಂತದು ಮಾಷ್ಟ್ರೆ?"

"ಬ್ರೇಕ್ ಆಯಿಲ್."

"ಅಲ್ಲ. ಇದು ಚಹಾ. ಬದಲು ಮಾಡದೆ ಎಷ್ಟು ಮಳೆಗಾಲ ಆಯ್ತು?"

ಲೆಕ್ಕ ಹಾಕಿದೆ. ಕಡಿಮೆಯಾದಾಗ ಮೇಲಿಂದ ಹೊಯ್ದದ್ದು ಬಿಟ್ಟರೆ ಪೂರ್ತಿ ಬದಲಿಸಿದ ನೆನಪೇ ಇಲ್ಲ. ಹದಿನಾಲ್ಕು ಮಳೆಗಾಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ಅವರು ವಿವರಿಸಿದ್ದು ಇಷ್ಟು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಂಗಳೂರಿನ ಗಾಳಿಯಲ್ಲಿ ಆ ತೇವಕ್ಕೆ ಬರವಿಲ್ಲ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿದರೆ 140ರ ಹತ್ತಿರವೇ ಕುದಿಯಬಹುದು. ಘಟ್ಟದಲ್ಲಿ ಡ್ರಮ್ ಕಾದು, ವೀಲ್ ಸಿಲಿಂಡರಿನೊಳಗಿನ ಆಯಿಲ್ ಕುದಿದು ಆವಿಯಾಗುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಡ ಲೈನರಿಗೆ ಮುಟ್ಟುತ್ತದೆ. ಆವಿ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ತಣಿದ ಮೇಲೆ ಆವಿ ಮತ್ತೆ ದ್ರವ, ಪೆಡಲ್ ಮತ್ತೆ ಗಟ್ಟಿ. ಎರಡು ಗ್ಯಾರೇಜಿನವರಿಗೆ ಏನೂ ಸಿಗದೇ ಹೋದದ್ದು ಇದಕ್ಕೇ. ಗಾಡಿ ಅವರ ಹತ್ತಿರ ತಣಿದೇ ಬಂದಿತ್ತು.

ಆ ರಾತ್ರಿ ಕಾಗದದ ಮೇಲೆ ಲೆಕ್ಕ ಮಾಡಿದೆ. ನಾವು, ಗಾಡಿ, ಸಾಮಾನು ಎಲ್ಲ ಸೇರಿ ಸುಮಾರು 1,250 ಕಿಲೋ. 100 ಮೀಟರ್ ಎತ್ತರ ಇಳಿದರೆ ಹನ್ನೆರಡು ಲಕ್ಷ ಜೂಲ್ ಶಕ್ತಿ. ಎಂಜಿನ್ ಸಹಾಯ ಮಾಡದೆ ಅದೆಲ್ಲವನ್ನೂ ಬ್ರೇಕೇ ನುಂಗಬೇಕಾದರೆ, ನಳ್ಳಿಯ ನೀರು ನಾಲ್ಕು ಲೀಟರ್ ಕುದಿಯುವಷ್ಟು ಶಾಖ. ಪ್ರತಿ ನೂರು ಮೀಟರಿಗೂ ನಾಲ್ಕು ಲೀಟರ್! ಅಂಥ ನೂರು ಮೀಟರುಗಳನ್ನು ನಾನು ಒಂದರ ಮೇಲೊಂದು ಮೂರನೇ ಗೇರಿನಲ್ಲಿ ಇಳಿದಿದ್ದೆ. ಮುಚ್ಚಿದ ನಾಲ್ಕು ಕಬ್ಬಿಣದ ಬೋಗುಣಿಗಳೊಳಗೆ ಆ ಶಾಖವೆಲ್ಲ ಕೂತಿತ್ತು.

ಆಯಿಲ್ ಬದಲಿಸಿ, ಹೊಸ ಲೈನರ್ ಹಾಕಿ ಸುಮ್ಮನಾಗಬಹುದಿತ್ತು. ಮೇಸ್ತ್ರಿಯೂ ಮೊದಲು ಹೇಳಿದ್ದು ಅದನ್ನೇ. ನನಗೆ ಸಮಾಧಾನ ಆಗಲಿಲ್ಲ. ಅಕ್ಕನನ್ನು ಕೊಟ್ಟ ಮನೆ ಘಟ್ಟದ ಮೇಲೆ, ವರ್ಷಕ್ಕೆ ನಾಲ್ಕು ಸಲವಾದರೂ ಹತ್ತಿ ಇಳಿಯಬೇಕು. ಮಳೆಗಾಲದಲ್ಲಿ ಊರೊಳಗೂ ಸುಖ ಇರಲಿಲ್ಲ: ಕೊಟ್ಟಾರ ಚೌಕಿಯಲ್ಲಿ ನಿಂತ ನೀರು ದಾಟಿದರೆ ಡ್ರಮ್ಮಿನೊಳಗೆ ನೀರು ಹೋಗಿ, ಒಣಗುವವರೆಗೆ ಬ್ರೇಕು ಜಾರುತ್ತಿತ್ತು. ಬಯಲಿಗೆ ತೆರೆದುಕೊಂಡ ಡಿಸ್ಕ್ ಬ್ರೇಕು ಆದರೆ ಗಾಳಿಗೆ ಬೇಗ ತಣಿಯುತ್ತದೆ, ನೀರನ್ನು ಬೇಗ ಕೊಡವಿಕೊಳ್ಳುತ್ತದೆ. ಲೆ ಮಾನ್ಸ್ ರೇಸನ್ನು ಜಾಗ್ವಾರ್ ಡಿಸ್ಕ್ ಬ್ರೇಕಿನ ಬಲದಿಂದ ಗೆದ್ದದ್ದು 1953ರಲ್ಲಿ. ನಮ್ಮ ಗಾಡಿ ಅದಕ್ಕಿಂತ 31 ವರ್ಷ ಕಿರಿಯದು. ಪ್ರೀಮಿಯರಿನವರೇ 1985ರಲ್ಲಿ ತಂದ 118 ಎನ್‌ಇಗೆ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಇತ್ತು. ಅಪಘಾತವಾಗಿ ಗುಜರಿ ಸೇರಿದ ಒಂದು 118 ಸಿಕ್ಕಿದರೆ ನೋಡುವ ಎಂದರು ಮೇಸ್ತ್ರಿ.

ಅಪ್ಪ ಒಪ್ಪಲಿಲ್ಲ. "ಕಂಪೆನಿ ಮಾಡಿದ್ದನ್ನು ಬಿಚ್ಚಿ ಗುಜರಿ ಮಾಲು ಹಾಕುವುದಾ? ನನ್ನ ಗಾಡಿಗೆ ಬೇಡ." ಎರಡು ವಾರ ಆ ಮಾತು ಅಲ್ಲೇ ನಿಂತಿತು. ಬದಲಾಯಿಸಿದ್ದು ಅಮ್ಮ. ಒಂದು ದಿನ ಊಟಕ್ಕೆ ಬಡಿಸುತ್ತಾ, "ಇನ್ನು ಆ ಗಾಡಿಯಲ್ಲಿ ನಾನು ಘಟ್ಟ ಇಳಿಯುವುದಿಲ್ಲ. ನನಗೆ ಬಸ್ಸು ಉಂಟು" ಅಂದರು. ಅಷ್ಟೇ. ಅಪ್ಪ ಮಜ್ಜಿಗೆ ಕುಡಿದು ಎದ್ದು ಹೋದವರು ಮರುದಿನ ಬೆಳಿಗ್ಗೆ ಕೀ ತಂದು ನನ್ನ ಮುಂದಿಟ್ಟರು.

ಬಂದರು ಕಡೆಯ ಒಂದು ಗುಜರಿಯಲ್ಲಿ ಮುಂಭಾಗ ಸರಿ ಇದ್ದು, ಹಿಂಭಾಗ ಮಾತ್ರ ಲಾರಿಗೆ ಸಿಕ್ಕಿ ನುಗ್ಗಾದ ಬಿಳಿ 118 ಇತ್ತು. ಅಂಗಡಿಯ ಬ್ಯಾರಿ ಕಾಕ ಮೇಸ್ತ್ರಿಗೆ ಹಳೆಯ ಪರಿಚಯ. ಒಣಮೀನಿನ ವಾಸನೆ, ತುಕ್ಕಿನ ವಾಸನೆ, ಸುಲೈಮಾನಿ ಚಹಾ. ಕಾಕ ಮಾತಿನಲ್ಲಿ ಉದಾರಿ: "ಇಡೀ ಸೆಟ್ ತಕ್ಕೊಳ್ಳಿ ಮಾಷ್ಟ್ರೆ, ಪೈಪು, ಹೋಸು, ಬೂಸ್ಟರು, ಎಲ್ಲ ಒಂದೇ ರೇಟು." ಮೇಸ್ತ್ರಿ ತಲೆಯಾಡಿಸಿದರು. "ಕಾಕಾ, ನನಗೆ ಕಬ್ಬಿಣ ಕೊಡಿ. ರಬ್ಬರು ಬೇಡ."

ಅವರು ಆ ದಿನ ಮಾಲು ಆರಿಸಿದ ರೀತಿಯನ್ನು ನಾನು ಈಗಲೂ ಮಕ್ಕಳಿಗೆ ಬಿಡಿಸಿ ಹೇಳುತ್ತೇನೆ. ಡಿಸ್ಕಿನ ದಪ್ಪವನ್ನು ಹಲವು ಕಡೆ ಅಳೆದರು, ಎಲ್ಲ ಕಡೆಯೂ ಒಂದೇ ಸಮ ಇರಬೇಕು. ಉಗುರಿನಿಂದ ತಡವಿ ಗೀರು ನೋಡಿದರು. ಬೆರಳಲ್ಲಿ ಎತ್ತಿ ಹಿಡಿದು ಸ್ಪಾನರಿನಿಂದ ಮೆಲ್ಲಗೆ ಬಡಿದರು. ಬಿರುಕಿದ್ದರೆ ಒಡಕು ಸದ್ದು ಬರುತ್ತದೆ, ಇದು ದೇವಸ್ಥಾನದ ಜಾಗಟೆಯ ಹಾಗೆ ನುಡಿಯಿತು. ಡಿಸ್ಕನ್ನು ಹಿಡಿದೊತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಗೆ ತಳ್ಳಿ ಟಾರ್ಚ್ ಹಾಕಿದರು. ಒಂದರ ಗೋಡೆ ನುಣುಪಾಗಿತ್ತು. ಇನ್ನೊಂದರಲ್ಲಿ ತುಕ್ಕಿನ ಗುಳಿ, ಸಾಸಿವೆಯಷ್ಟು. "ಇದು ಆಗುವುದಿಲ್ಲ" ಎಂದು ಪಕ್ಕಕ್ಕಿಟ್ಟರು. ಸಾಸಿವೆಯಷ್ಟಕ್ಕೆ ಬೇಡ ಅನ್ನುವುದೇ ಎಂದು ಕಾಕ, ನಾನು ಇಬ್ಬರೂ ಕೇಳಿದೆವು. ಆ ಗುಳಿಯ ಮೇಲೆ ರಬ್ಬರ್ ಸೀಲು ನಿಲ್ಲುವುದಿಲ್ಲ, ಇವತ್ತಲ್ಲದಿದ್ದರೆ ಘಟ್ಟದಲ್ಲಿ ಸೋರುತ್ತದೆ ಅಂದರು. ಎಡಗಡೆಯ ಒಳ್ಳೆಯ ಕ್ಯಾಲಿಪರಿಗಾಗಿ ಮತ್ತೆ ಮೂರು ವಾರ ಕಾದೆವು.

ಕೆಲಸ ನಡೆದದ್ದು ಡಿಸೆಂಬರಿನ ರವಿವಾರಗಳಲ್ಲಿ. ಬಿಚ್ಚುವ ಮೊದಲೇ ಹಳೆಯ ಬ್ರೇಕಿನ ಅಳತೆ ತೆಗೆಯಬೇಕು ಎಂದು ಮೇಸ್ತ್ರಿ ಹಠ ಹಿಡಿದರು. ಬೈಕಂಪಾಡಿ ಕೈಗಾರಿಕಾ ಪ್ರದೇಶದ ರಸ್ತೆ ರವಿವಾರ ಬೆಳಿಗ್ಗೆ ಖಾಲಿ. ಶಾಲೆಯ ಚಾಕಿನಿಂದ ಗೆರೆ ಎಳೆದೆ. 40 ಕಿಲೋಮೀಟರ್ ವೇಗದಲ್ಲಿ ಬಂದು ಗೆರೆಯ ಹತ್ತಿರ ಬ್ರೇಕು. ಗಾಡಿ ನಿಂತದ್ದು ನನ್ನ ಹದಿನೇಳು ಹೆಜ್ಜೆಗೆ, ಅದೂ ಸ್ವಲ್ಪ ಎಡಕ್ಕೆ ಎಳೆಯುತ್ತಾ.

ಡ್ರಮ್ ಬಿಚ್ಚಿದಾಗ ಒಳಗೆ ಕಪ್ಪು ಪುಡಿ. ಸಹಾಯದ ಹುಡುಗ ಏರ್ ಪೈಪು ತಂದ. ಮೇಸ್ತ್ರಿ ಗದರಿಸಿದರು. ಆ ಕಾಲದ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತಿತ್ತು, ಆ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರು. ಅನೇಕ ಗ್ಯಾರೇಜುಗಳಲ್ಲಿ ಹುಡುಗರು ಅದನ್ನು ಗಾಳಿಯಲ್ಲಿ ಊದುತ್ತಿದ್ದುದನ್ನು ನಾನು ನೋಡಿದ್ದೆ. ಈಗಲೂ ಕಂಡರೆ ನಿಂತು ಹೇಳಿಯೇ ಹೋಗುತ್ತೇನೆ.

118ರ ಡಿಸ್ಕ್ ನಮ್ಮ ಗಾಡಿಗೆ ಹಾಗೆಯೇ ಕೂರಲಿಲ್ಲ. ಹಬ್ಬು, ಬೇರಿಂಗು ನಮ್ಮದನ್ನೇ ಉಳಿಸಿಕೊಂಡು, ಬೈಕಂಪಾಡಿಯ ಒಬ್ಬ ಟರ್ನರ್ ಹತ್ತಿರ ಲೇತಿನಲ್ಲಿ ಡಿಸ್ಕಿನ ನಡುವಿನ ತೂತನ್ನು ಹೊಂದಿಸಿದೆವು. ಕ್ಯಾಲಿಪರ್ ಹಿಡಿಯುವ ಬ್ರಾಕೆಟನ್ನು ದಪ್ಪ ಉಕ್ಕಿನ ತಗಡಿನಿಂದ ಕೊರೆಸಿದರು. ಎರಡು ತುಂಡು ವೆಲ್ಡಿಂಗ್ ಮಾಡಿದರೆ ಅರ್ಧ ದಿನದಲ್ಲಿ ಆಗುತ್ತದೆ ಅಂದ ಟರ್ನರ್. ಗಾಡಿಯ ಭಾರವೆಲ್ಲ ಒಂದು ಕ್ಷಣಕ್ಕೆ ಬಂದು ತೂಗುವುದು ಆ ಬ್ರಾಕೆಟಿನ ಮೇಲೆ, ಅಲ್ಲಿ ವೆಲ್ಡಿಂಗ್ ಬೇಡ ಎಂದು ಮೇಸ್ತ್ರಿ ಇಡೀ ತುಂಡನ್ನೇ ಕೊರೆಸಿದರು. ಹೊಸತಾಗಿ ಬಂದದ್ದು ಸೀಲುಗಳು, ಹೋಸ್ ಪೈಪು, ಪ್ಯಾಡು, ತಾಮ್ರದ ವಾಷರು, ಉಕ್ಕಿನ ಪೈಪುಗಳು, ಮಾಸ್ಟರ್ ಸಿಲಿಂಡರ್. ಹಳೆಯದು ಒಂದೇ ಕೊಠಡಿಯದ್ದು, ಎಲ್ಲಿ ಒಂದು ಪೈಪು ಒಡೆದರೂ ನಾಲ್ಕು ಚಕ್ರವೂ ಖಾಲಿ. ಈಗ ಹಾಕಿದ್ದು ಎರಡು ಕೊಠಡಿಯದ್ದು. ಮುಂದಿನದ್ದು ಹೋದರೂ ಹಿಂದಿನದ್ದು ಉಳಿಯುತ್ತದೆ.

ಕೊನೆಗೆ ಏರ್ ತೆಗೆಯುವ ಕೆಲಸ. ನಾನು ಪೆಡಲಿನ ಮೇಲೆ, ಅವರು ಗಾಡಿಯಡಿ. "ಒತ್ತಿ... ಹಿಡೀರಿ... ಬಿಡಿ." ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರ ಮೊದಲು, ಹತ್ತಿರದ್ದು ಕೊನೆಗೆ. ನಿಪ್ಪಲಿಗೆ ಸಿಕ್ಕಿಸಿದ ನಳಿಗೆಯಲ್ಲಿ ಗುಳ್ಳೆ ನಿಲ್ಲುವವರೆಗೆ. ಆಯಿಲ್ ಬಣ್ಣದ ಮೇಲೆ ಬಿದ್ದರೆ ಪೇಂಟು ಏಳುತ್ತದೆ ಎಂದು ಅಪ್ಪ ಪಕ್ಕದಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದರು. ಬೇಡ ಅಂದವರು ಎಲ್ಲ ರವಿವಾರಗಳಲ್ಲೂ ಅಲ್ಲಿದ್ದರು.

ಎಲ್ಲ ಮುಗಿಸಿ ಬೈಕಂಪಾಡಿಗೆ ಹೋದೆವು. ಅದೇ ಗೆರೆ, ಅದೇ 40. ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಗಾಡಿ ನಿಂತದ್ದು ಹತ್ತೊಂಬತ್ತು ಹೆಜ್ಜೆಗೆ.

ಮೊದಲಿಗಿಂತ ಕೆಟ್ಟದು! ನನಗೆ ಅಳು ಬರುವಷ್ಟು ಬೇಸರವಾಯಿತು. ಮೇಸ್ತ್ರಿ ಮಾತ್ರ ಬಾನೆಟ್ಟಿಗೆ ಒರಗಿ ಒಂದು ಬೀಡಿ ಮುಗಿಸಿದರು. ಡ್ರಮ್ಮಿನಲ್ಲಿ ತಿರುಗುವ ಡ್ರಮ್ಮೇ ಮುಂದಿನ ಶೂವನ್ನು ಒಳಗೆ ಎಳೆದುಕೊಂಡು ಕಾಲಿಗೆ ಸಹಾಯ ಮಾಡುತ್ತದೆ. ಡಿಸ್ಕಿನಲ್ಲಿ ಆ ಸಹಾಯ ಇಲ್ಲ, ಒತ್ತುವ ಬಲವೆಲ್ಲ ಕಾಲಿನದ್ದೇ. ಅದಕ್ಕೇ ಡಿಸ್ಕಿನ ಕಾರುಗಳಿಗೆ ಎಂಜಿನಿನ ವ್ಯಾಕ್ಯೂಮಿನಿಂದ ನಡೆಯುವ ಬೂಸ್ಟರ್ ಇರುವುದು. "ಗೊತ್ತಿತ್ತು ಮಾಷ್ಟ್ರೆ. ಖರ್ಚು ಉಳಿಯಲಿ ಅಂತ ಇಲ್ಲದೆ ನೋಡಿದೆ. ಅದು ನನ್ನ ತಪ್ಪು" ಅಂದರು. ಇಷ್ಟು ನೇರವಾಗಿ ತಪ್ಪು ಒಪ್ಪಿದ ಮೇಲೆ ಅವರ ಮೇಲಿನ ನನ್ನ ನಂಬಿಕೆ ಎರಡು ಪಟ್ಟಾಯಿತು. ಕಾಕನ ಬೂಸ್ಟರು ಅಗ್ಗದ್ದು, ಆದರೆ ಅದರ ಒಳಗಿನ ಪರದೆ ರಬ್ಬರಿನದ್ದು. ಹೊಸ ಬೂಸ್ಟರನ್ನೇ ತಂದೆವು. ಗುಜರಿಗೆ ಕೊಟ್ಟ ಹಣದ ಎರಡರಷ್ಟು ಅದೊಂದಕ್ಕೇ ಹೋಯಿತು.

ಮೂರನೆಯ ಸಲ: ಹನ್ನೆರಡು ಹೆಜ್ಜೆ. ನೇರ ಗೆರೆಯಲ್ಲಿ. ರಸ್ತೆಯ ಮೇಲಿನ ಟಯರ್ ಗುರುತನ್ನು ಮೇಸ್ತ್ರಿ ಬಗ್ಗಿ ನೋಡಿದರು. ಬ್ರೇಕು ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ. ಹಗುರಾದ ಹಿಂದಿನ ಚಕ್ರ ಮೊದಲು ಕಚ್ಚಿ ನಿಂತರೆ ಗಾಡಿ ಗಿರ್ರನೆ ತಿರುಗಿಬಿಡಬಹುದು. ಹಿಂದಿನ ಗುರುತು ಇರಲಿಲ್ಲ. ಟ್ಯಾಂಕಿಯಿಂದ ನೀರು ಚೆಲ್ಲಿ ಒದ್ದೆ ರಸ್ತೆಯಲ್ಲೂ ನೋಡಿದರು. ಆಮೇಲೆ ಕೀಯನ್ನು ನನಗಲ್ಲ, ಅಪ್ಪನಿಗೆ ಕೊಟ್ಟರು.

1999ರಲ್ಲಿ ಗಾಡಿಗೆ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಹೋದಾಗ ಮಾಡಿದ ಬದಲಾವಣೆಯನ್ನು ಮುಚ್ಚಿಡದೆ ಬರೆದುಕೊಟ್ಟೆವು. ಕಂಪೆನಿಯ ವಿವರಕ್ಕಿಂತ ಬೇರೆಯಾಗಿ ವಾಹನವನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕುತ್ತದೆ. ನಮ್ಮ ಕಥೆ ಕೇಳಿ ಯಾರಾದರೂ ಕೈಹಾಕುವುದಾದರೆ ಮೊದಲು ಆರ್‌ಟಿಒದಲ್ಲಿ ಕೇಳಿಕೊಳ್ಳಿ, ಮತ್ತು ಅಂಥ ಮೇಸ್ತ್ರಿ ಸಿಕ್ಕದೆ ಶುರುಮಾಡಬೇಡಿ.

ಬ್ರೇಕಿನ ಕೆಲಸ ಮುಗಿದ ಬೆನ್ನಿಗೇ, ಸಂಕ್ರಾಂತಿ ಕಳೆದ ಮೇಲೆ ಮತ್ತೆ ಅದೇ ಘಟ್ಟ. ಇಳಿಯುವಾಗ ಸ್ಟಿಯರಿಂಗಿನಲ್ಲಿ ಅಪ್ಪ, ಹಿಂದೆ ಅಮ್ಮ. ಮೇಲಿನಿಂದಲೇ ಎರಡನೇ ಗೇರು, ಎಂಜಿನ್ ಕೂಗುತ್ತಲೇ ಇತ್ತು. ನಾವು ಚರಂಡಿಗೆ ಇಳಿದಿದ್ದ ಜಾಗದಲ್ಲಿ ಗುಡ್ಡದ ಮಣ್ಣಿನ ಮೇಲೆ ನಮ್ಮ ಬಾಗಿಲಿನ ಬಣ್ಣ ಇನ್ನೂ ಇತ್ತು. ಅಪ್ಪ ಅಲ್ಲಿ ಗಾಡಿ ನಿಲ್ಲಿಸಿ ಇಳಿದು, ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿದು ಶಾಖ ನೋಡಿದರು. "ಬಿಸಿ ಉಂಟು, ಸುಡುವುದಿಲ್ಲ" ಅಂದರು.

ಅಪ್ಪ, ಮೇಸ್ತ್ರಿ ಇಬ್ಬರೂ ಈಗ ಇಲ್ಲ. ಗಾಡಿ ಇದೆ. ಮಳೆಗಾಲದ ಬೆಳಿಗ್ಗೆ ಡಿಸ್ಕಿನ ಮೇಲೆ ರಾತ್ರಿಯ ತುಕ್ಕು ಕೂತಿರುತ್ತದೆ, ಮೊದಲ ಬ್ರೇಕಿಗೆ ಸರ್ರೆಂದು ಕೆರೆದು ಹೋಗುತ್ತದೆ. ಆ ಹಳೆಯ ಆಯಿಲ್ ತುಂಬಿದ ಬಾಟಲಿ ನನ್ನ ಶಾಲೆಯ ಪ್ರಯೋಗಶಾಲೆಯಲ್ಲಿ ಬಹಳ ವರ್ಷ ಇತ್ತು.

ನಿಮ್ಮ ಅಂಗಳದಲ್ಲೂ ಹಳೆಯ ಗಾಡಿ ಇದ್ದರೆ, ಮಳೆ ಬಿಟ್ಟು ಘಟ್ಟ ಹತ್ತುವ ಮೊದಲು ಬಾನೆಟ್ ಎತ್ತಿ ಆ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಎರಡು ಮಳೆಗಾಲ ಕಳೆದಿದ್ದರೆ, ಬಣ್ಣ ಹೇಗಿದ್ದರೂ ಸರಿ, ಪೂರ್ತಿ ಬದಲಿಸಿ. ಹೊಸ ಡಬ್ಬಿಯನ್ನು ಆಗಲೇ ಒಡೆಯಿರಿ. ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡಬೇಡಿ.